ಬಿಸಿಲುಮೀನಿಗೆ ಮಡಿನೀರು

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಬಿಸಿಲು ಇನ್ನೂ ಬೀದಿಗೆ ಇಳಿಯುವ ಮುಂಚೆ, ವೀರೇಶ್ ಸರ್ ಅವರ ಬೈಕು ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮುಂದೆ ನಿಂತಿತು. ಹಿಂದೆ ಕೂತಿದ್ದ ಅವರ ತಾಯಿ ಚನ್ನವೀರಮ್ಮ ಕುಡಿಯುವ ನೀರಿನ ಕ್ಯಾನೊಂದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅಪ್ಪಿಕೊಂಡಿದ್ದರು. ಕುರುಗೋಡಿನಿಂದ ಬಳ್ಳಾರಿಯವರೆಗೂ ಹಾಗೇ ಬಂದಿದ್ದರಂತೆ. ಇಳಿದ ಮೇಲೂ ಕ್ಯಾನನ್ನು ಮಗನ ಕೈಗೆ ಕೊಡಲಿಲ್ಲ.

“ನೀ ಮುಟ್ಟಬ್ಯಾಡ, ಕುಲುಕ್ಯಾಡಿಸ್ತಿ. ರೋಡಿನಾಗ ಒಂದ ಗುಂಡಿ ಬಿಟ್ಟಿಲ್ಲ ನೋಡ್ರಿ ಮೇಡಂ ಇವ. ಎಲ್ಲಾದನ್ನೂ ಮಾತಾಡ್ಸಿಕ್ಯಂತ ಬಂದಾನ.”

ವೀರೇಶ್ ಸರ್ ಸಿರುಗುಪ್ಪದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಾರೆ. ಅದೇ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ. ಬಳ್ಳಾರಿಯಲ್ಲಿ ಸೋದರತ್ತೆ ವಿಜಯಾಬಾಯಿಯ ಮನೆಯಲ್ಲಿ ಇದ್ದುಕೊಂಡು ದಿನಾ ಬಸ್ಸಿಗೆ ಹೋಗಿಬರುತ್ತೇನೆ. ಸ್ಟಾಫ್‌ರೂಮಿನಲ್ಲಿ ಒಂದು ಮಧ್ಯಾಹ್ನ ವೀರೇಶ್ ಸರ್, “ಮೇಡಂ, ನಿಮ್ಮದು ಮೀನಿನ ಸಬ್ಜೆಕ್ಟಲ್ಲ, ನಮ್ಮವ್ವನ ಮೀನು ಒಂದೆರಡು ತಿಂಗಳು ಇಟ್ಕೊಳ್ತೀರೇನು?” ಎಂದು ಕೇಳಿದ್ದರು. ನಾನು ಹೂಂ ಅಂದಿದ್ದೆ. ಎಂ.ಎಸ್ಸಿಯಲ್ಲಿ ನಾನು ಮೀನನ್ನು ವಿಶೇಷವಾಗಿ ಓದಿದ್ದು ನಿಜ. ಆದರೆ ಓದಿದ ಮೀನುಗಳೆಲ್ಲ ಫಾರ್ಮಲಿನ್ ಬಾಟಲಿಯಲ್ಲಿದ್ದವು. ಅವಕ್ಕೆ ಊಟ ಹಾಕುವ, ನೀರು ಬದಲಿಸುವ ಪ್ರಸಂಗ ಬಂದಿರಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ನೀರುಗಿಡ ನೆಟ್ಟ ಗಾಜಿನ ತೊಟ್ಟಿ ಸಿದ್ಧವಿತ್ತು. ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದೆ. ಕಿರುಬೆರಳಿಗಿಂತ ಚಿಕ್ಕ ಮೀನುಗಳು, ಇಪ್ಪತ್ತರ ಮೇಲೆ ಒಂದೆರಡು. ಬೆಳ್ಳಿ ಮೈ, ಕಿವಿರಿನ ಹಿಂದೆ ಒಂದು ಕಪ್ಪು ಚುಕ್ಕಿ, ಬಾಲದ ಹತ್ತಿರ ಇನ್ನೊಂದು. ತುಂಗಭದ್ರೆಯ ಬಯಲಿನ ಹಳ್ಳ, ಕೆರೆ, ಗದ್ದೆಗಾಲುವೆಗಳಲ್ಲಿ ಲೆಕ್ಕವಿಲ್ಲದೆ ಇದ್ದ ಜಾತಿ. ಕುರುಗೋಡಿನ ಬೆಟ್ಟದ ಬುಡದ ಕಲ್ಲುಹೊಂಡದ ಸುತ್ತ ಇವಕ್ಕೆ ಬಿಸಿಲುಮೀನು ಅನ್ನುತ್ತಾರೆ. ಬೆಳಗಿನ ಬಿಸಿಲು ಮೆಟ್ಟಿಲಿಗೆ ಬಿದ್ದ ಕೂಡಲೇ ಅಷ್ಟೂ ಮೇಲೆ ಬಂದು ಮಗ್ಗುಲು ಹೊರಳಿಸಿ ಹೊಳೆಯುತ್ತವಂತೆ.

“ನಾನು ಆ ಊರಿಗೆ ಸೊಸಿಯಾಗಿ ಬಂದಾಗಿಂದ,” ಎಂದರು ಚನ್ನವೀರಮ್ಮ, “ಚಾ ಕುಡಿಯಾಕ ಮುಂಚೆ ಒಂದ್ ಹಿಡಿ ಮಂಡಾಳು ಇವಕ್ಕ ಹಾಕಿ ಬರ್ತೀನ್ರಿ. ಈಗ ಹೊಂಡ ಖಾಲಿ. ಆದ್ರೂ ಕಾಲು ಅಲ್ಲಿಗೇ ಹೋಗ್ತಾವ. ಕೈಯಾಗ ಮಂಡಾಳು ಹಿಡಕಂಡು ಕೆಸರು ನೋಡಿ ಬರ್ತೀನಿ.”

ಹೊಂಡದ ಹೂಳೆತ್ತಿ, ಜರುಗಿದ ಕಲ್ಲುಗಳನ್ನು ಕೂರಿಸುವ ಕೆಲಸಕ್ಕೆಂದು ನೀರು ಪೂರ್ತಿ ತೆಗೆದಿದ್ದರು. ದೊಡ್ಡ ಮೀನು ಊರಿನ ಸಾರಿಗೆ ಹೋದವು. ಸಣ್ಣವು ಕೆಸರಿನಲ್ಲಿ ಒಣಗಿದವು. ಕೊನೆಯ ಗುಂಡಿಯಲ್ಲಿ ಉಳಿದಿದ್ದ ಇಷ್ಟನ್ನು ಚನ್ನವೀರಮ್ಮ ಹಿಟ್ಟಿನ ಜರಡಿಯಲ್ಲಿ ಎತ್ತಿ ತಂದಿದ್ದರು. ಮಳೆ ಬಂದು ಹೊಂಡ ತುಂಬಿದ ಮೇಲೆ ಜಿಲೇಬಿ ಮೀನಿನ ಮರಿ ಬಿಡುವುದಾಗಿ ಹೊಂಡದ ಕಮಿಟಿಯ ಅಧ್ಯಕ್ಷ ದೊಡ್ಡಬಸಪ್ಪ ಹೇಳಿಬಿಟ್ಟಿದ್ದ. ಜಿಲೇಬಿ ಎಂದರೆ ತಿಲಾಪಿಯಾ, ಹೊರದೇಶದ್ದು. ಬೇಗ ಬೆಳೆಯುತ್ತದೆ, ಬೇಗ ಹೆಚ್ಚುತ್ತದೆ. ಅಷ್ಟು ಚಿಕ್ಕ ಹೊಂಡದಲ್ಲಿ ಅದು ಸೇರಿದರೆ ಬೇರೆ ಮೀನಿನ ಮೊಟ್ಟೆ ಉಳಿಯುವುದು ಕಷ್ಟ.

“ಅವನ ಕೂಡ ಜಗಳಾಡೀನ್ರಿ,” ಎಂದರು ಚನ್ನವೀರಮ್ಮ. “ಕಡೀಗೆ ಏನಂದ ಗೊತ್ತೇನು? ‘ಚಿಗವ್ವ, ಹೊಂಡ ತುಂಬಿದ ದಿನ ನಿನ್ನ ಮೀನು ಕಣ್ಣಿಗೆ ಕಾಣುವಷ್ಟು ತಂದು ಬಿಡು, ನಾನು ಜಿಲೇಬಿ ತರಂಗಿಲ್ಲ. ನಾಕು ಮೀನು ಲೋಟದಾಗ ತಂದ್ರ ಮಾತ್ರ ನಗ್ತೀನಿ ನೋಡು.’ ಇವಿಷ್ಟು ಸತ್ರ ಮುಗೀತ್ರಿ ಮೇಡಂ. ನಮ್ಮ ಹೊಂಡದ ಬೀಜ ಅಂತ ಇರೋದು ಇವಿಷ್ಟ.”

ಬಾಗಿಲಿನ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಆಗ ಹೊರಗೆ ಬಂದಳು. ಮೂವತ್ತು ವರ್ಷ ಸಾಲೆಯಲ್ಲಿ ಗಣಿತ ಹೇಳಿ ನಿವೃತ್ತಳಾದವಳು. ಯಾರ ಜೊತೆ ಮಾತಾಡಿದರೂ ಕರಿಹಲಗೆಯ ಮುಂದೆ ನಿಂತಂತೆ.

“ಏನ್ ತಿಂತಾವ ಇವು?”

“ಸಿಕ್ಕಿದ್ದು ತಿಂತಾವ್ರಿ ಅಮ್ಮಾವ್ರ. ಪಾಚಿ, ಹುಳ, ಮಂಡಾಳು...”

“ಹುಳ ನಮ್ಮ ಮನ್ಯಾಗ ನಡಿಯೂದಿಲ್ಲ. ಮಂಡಾಳು ನಡೀತದ.”

ಹೀಗೆ ಕುರುಗೋಡಿನ ಹೊಂಡದ ಮೀನುಗಳು ಒಂದೇ ಮಾತಿನಲ್ಲಿ ಮಂಡಕ್ಕಿ ತಿನ್ನುವ ವೈಷ್ಣವರಾದವು.

ಅತ್ತೆಯ ಉಳಿದ ಷರತ್ತುಗಳು ಒಂದೊಂದಾಗಿ ಬಂದವು. ತೊಟ್ಟಿ ಪಡಸಾಲೆ ದಾಟಬಾರದು. ಮೀನು ಮುಟ್ಟಿದ ಕೈಯಲ್ಲಿ ಅಡಿಗೆಮನೆಯ ಬಾಗಿಲು ಮುಟ್ಟಬಾರದು. ಹಿತ್ತಲಿನ ಬಾವಿಯ ಕಡೆಗಂತೂ ಈ ಮೀನಿನ ಬಕೀಟು ಹಾಯಲೇಬಾರದು. ಆ ಬಾವಿ ಮಡಿಬಾವಿ. ನಳದ ನೀರು ಎಂಥ ಕೊಳವೆಯಲ್ಲಿ ಎಲ್ಲೆಲ್ಲಿ ಹಾದು ಬರುತ್ತದೋ ಎಂದು, ದೇವರ ಪೂಜೆಗೂ ನೈವೇದ್ಯದ ಅಡಿಗೆಗೂ ಅತ್ತೆ ಇವತ್ತಿಗೂ ಬಾವಿಯ ನೀರನ್ನೇ ಸೇದುತ್ತಾಳೆ. ಸ್ನಾನ ಮಾಡಿ, ಮಡಿ ಉಟ್ಟು, ತಾಮ್ರದ ಕೊಡದಲ್ಲಿ. ನನಗೂ ಅದರ ಹಗ್ಗ ಮುಟ್ಟುವ ಅಧಿಕಾರವಿರಲಿಲ್ಲ.

ಹಾಗಾಗಿ ಮೀನಿಗೆ ನಳದ ನೀರೇ ಗತಿ. ನಮ್ಮಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ನೀರಿಗೆ ಕ್ಲೋರಿನ್ ಇರುತ್ತದೆ, ಇರಲೂಬೇಕು. ಮನುಷ್ಯರ ಹೊಟ್ಟೆ ಕಾಯುವ ಆ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಅದಕ್ಕೆ ನಾನು ಅಂಗಳದಲ್ಲಿ ಒಂದು ನೀಲಿ ಡ್ರಮ್ಮು ಇಟ್ಟು, ನಳದ ನೀರು ತುಂಬಿ, ಬಾಯಿ ತೆರೆದು, ಎರಡು ದಿನ ಬಿಡುತ್ತಿದ್ದೆ. ಕ್ಲೋರಿನ್ ಗಾಳಿಗೆ ಹೋದ ಮೇಲೆ ಆ ನೀರು ಮೀನಿಗೆ ಯೋಗ್ಯ.

ಇದೊಂದು ಅತ್ತೆಯ ತಲೆಗೆ ಹತ್ತಲಿಲ್ಲ. ಹತ್ತದಿದ್ದದ್ದು ಸಹಜ. ನಮ್ಮ ಬೀದಿಯಲ್ಲಿ ಹೊಸ ನೀರು ಬಂತು ಎಂದರೆ ಮನೆಮನೆಯಲ್ಲೂ ನಡೆಯುವುದು ಒಂದೇ: ನಿಂತ ನೀರು ಗಿಡಕ್ಕೆ ಸುರಿ, ಪಾತ್ರೆ ತಿಕ್ಕು, ಹೊಸದು ತುಂಬು. ನಿಂತ ನೀರು ಹಳಸಿದ ಅನ್ನ ಇದ್ದಂತೆ. ಅದನ್ನು ಬೇಕೆಂದೇ ನಿಲ್ಲಿಸಿ, ಜೀವವಿರುವ ಪ್ರಾಣಿಗೆ ಕೊಡುವುದೆಂದರೆ?

“ಒಂದೆರಡು ಡಿಗ್ರಿ ಹೆಚ್ಚು ಓದೀಯಂತ ಅವಕ್ಕ ತಂಗಳನೀರು ಕುಡಸ್ತೀಯೇನ?” ಎನ್ನುತ್ತಿದ್ದಳು.

“ಅತ್ತಿ, ತಾಜಾ ನೀರಾಗ ಔಷಧ ಇರ್ತದ. ನಮಗ ಒಳ್ಳೇದು, ಅವಕ್ಕ ವಿಷ.”

“ಹಂಗಾರ ಕಾಲೇಜಿನ್ಯಾಗ ಇದನ್ನ ಹೇಳಿಕೊಡ್ತೀಯೇನು, ಹಳೇದು ಛಲೋ, ಹೊಸದು ವಿಷ ಅಂತ?”

ಆದರೆ ಮೀನುಗಳನ್ನು ಅವಳು ಬೇಗ ಹಚ್ಚಿಕೊಂಡಳು. ಪುಟಾಣಿಯನ್ನು, ಅಂದರೆ ಹುರಿಗಡಲೆಯನ್ನು, ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದಳು. ಪಾಲಕ್ ಬೇಯಿಸಿ, ಹಿಸುಕಿ, ಉಗುರಿನ ಮೇಲೆ ನಿಲ್ಲುವಷ್ಟು ಹಾಕಿದಳು. ನಾನು ಮಾಳಿಗೆಯ ಮೇಲೆ ಒಂದು ಬುಟ್ಟಿಯಲ್ಲಿ ಸೊಳ್ಳೆಮರಿ ಬೆಳೆಸಲು ಹೋದಾಗ ಮಾತ್ರ, “ಬೀದಿಗೆಲ್ಲಾ ಡೆಂಗ್ಯೂ ಹಂಚೋ ವಿಚಾರ ಅದ ಏನ?” ಎಂದು ಬುಟ್ಟಿ ಬೋರಲು ಹಾಕಿದಳು. ಏಕಾದಶಿಯ ದಿನ ಮೀನುಗಳಿಗೂ ಊಟವಿಲ್ಲ. ನಾನು ಮೊದಲು ವಾದಿಸಿದೆ. ಆಮೇಲೆ ಓದಿ ನೋಡಿದರೆ, ತೊಟ್ಟಿಯ ಮೀನಿಗೆ ಆಗಾಗ ಒಂದು ದಿನ ಖಾಲಿ ಹೊಟ್ಟೆ ಒಳ್ಳೆಯದೆಂದೇ ಬರೆದಿದ್ದರು. ಇದನ್ನು ಅತ್ತೆಗೆ ಹೇಳಿದ್ದು ತಪ್ಪಾಯಿತು. ವಾರಗಟ್ಟಲೆ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಮೇ ಬಂತು. ಬಳ್ಳಾರಿಯ ಮೇ ತಿಂಗಳಿನಲ್ಲಿ ಗೋಡೆ ಕೂಡ ಉಸಿರು ಬಿಡುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ತೊಟ್ಟಿಯ ಸುತ್ತ ಒದ್ದೆ ಗೋಣಿತಟ್ಟು ಕಟ್ಟಿದೆ, ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತೆ ಇಟ್ಟೆ. ಕರೆಂಟು ಹೋದಾಗ ಅತ್ತೆ ಬೀಸಣಿಗೆ ಹಿಡಿದು ಕೂರುತ್ತಿದ್ದಳು. ಬೀಸಣಿಗೆ ಅವಳಿಗೋ ಮೀನಿಗೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮೂರು ಸತ್ತವು. ಉಳಿದವು ಇದ್ದವು, ಆದರೆ ಬಣ್ಣವಿಲ್ಲದೆ, ಉತ್ಸಾಹವಿಲ್ಲದೆ, ತಳದಲ್ಲಿ. ಗಂಡು ಯಾವುದು ಹೆಣ್ಣು ಯಾವುದು ಗೊತ್ತಾಗುತ್ತಿರಲಿಲ್ಲ. ಕಣ್ಣಿಗೆ ಕಾಣುವಷ್ಟು ಬೇಕೆಂದರೆ ಇವು ಮರಿ ಮಾಡಲೇಬೇಕಿತ್ತು. ಅಂಥ ಸೂಚನೆ ಒಂದೂ ಇರಲಿಲ್ಲ. ಕಾಲೇಜಿನಲ್ಲಿ ವೀರೇಶ್ ಸರ್, “ನಮ್ಮವ್ವ ಕೇಳ್ತಾಳ್ರಿ” ಎಂದಾಗಲೆಲ್ಲ, “ಇದಾವ್ರಿ ಸರ್” ಎಂದಷ್ಟೇ ಹೇಳುತ್ತಿದ್ದೆ.

ನರಸಿಂಹ ಜಯಂತಿಯ ದಿನ ನನಗೆ ಸಿರುಗುಪ್ಪದಲ್ಲಿ ಪರೀಕ್ಷೆಯ ಡ್ಯೂಟಿ ಇತ್ತು. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅತ್ತೆ ಆಗಲೇ ಮನೆ ತೊಳೆಯಲು ಸೊಂಟ ಕಟ್ಟಿದ್ದಳು. ಸಂಜೆಯ ಪೂಜೆಯವರೆಗೆ ಅವಳಿಗೆ ಉಪವಾಸ. ಪಾನಕ, ಕೋಸಂಬರಿ, ಅಡಿಗೆ ಎಲ್ಲವೂ ಮಡಿಯಲ್ಲಿ. ಪೂಜೆ ಮಾಡಲು ಪಕ್ಕದ ಮನೆಯ ರಾಘಣ್ಣ ಬರುವವನಿದ್ದ. ಅವನು ಮಠದಲ್ಲಿ ಅರ್ಚಕ, ಅತ್ತೆಯ ಹಳೆಯ ವಿದ್ಯಾರ್ಥಿ.

ಹನ್ನೊಂದರ ಸುಮಾರಿಗೆ ಅಟೆಂಡರ್ ಹುಲಿಗೇಶ್ ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಬಂದು ನಿಂತ. “ಮೇಡಂ, ಆಫೀಸ್ ಫೋನಿಗೆ ನಿಮ್ಮ ಅತ್ತಿಯವರು. ಅಳಾಕ್ಹತ್ಯಾರ್ರಿ.”

ಅತ್ತೆ ಅತ್ತದ್ದನ್ನು ನಾನು ಕಂಡವಳಲ್ಲ. ಕೊಠಡಿಯನ್ನು ವೀರೇಶ್ ಸರ್‌ಗೆ ಒಪ್ಪಿಸಿ ಓಡಿದೆ.

“ಶ್ರೀಕೃತಿ,” ಎಂದಳು, “ಮೀನಿಗೆ ಏನೋ ಆಗ್ಯದ. ನಾ ಏನೂ ಕೆಟ್ಟದ್ದು ಮಾಡಿಲ್ಲs.”

ಏನು ಮಾಡಿದ್ದಳೆಂದು ತಿಳಿಯಲು ಎರಡು ಪ್ರಶ್ನೆ ಸಾಕಾಯಿತು. ಬೆಳಿಗ್ಗೆ ನಳ ಬಂದಿದೆ. ಹಬ್ಬದ ದಿನ ಅಂಗಳದಲ್ಲಿ ನಿಂತ ನೀರಿನ ಡ್ರಮ್ಮು ಕಂಡು ಅವಳಿಗೆ ಸಂಕಟವಾಗಿದೆ. ಡ್ರಮ್ಮನ್ನು ಗಿಡಕ್ಕೆ ಸುರಿದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಸ ನೀರು ತುಂಬಿದ್ದಾಳೆ. ಬಿಸಿಲಿಗೆ ತೊಟ್ಟಿಯ ನೀರು ಇಳಿದದ್ದನ್ನು ನೋಡಿ, ಹಬ್ಬದ ದಿನ ಅವಕ್ಕೂ ಶುದ್ಧ ನೀರಿರಲಿ ಎಂದು ಅರ್ಧ ತೊಟ್ಟಿಯಷ್ಟು ಸುರಿದಿದ್ದಾಳೆ. ಆಮೇಲೆ ಸ್ನಾನ ಮಾಡಿ ಮಡಿ ಉಟ್ಟು ಅಡಿಗೆಗೆ ಹೋಗಿ, ಮಧ್ಯೆ ಒಮ್ಮೆ ಪಡಸಾಲೆಗೆ ಇಣುಕಿದ್ದಾಳೆ.

“ಈಗ ಹ್ಯಾಂಗವ?”

“ನನಗ ನೋಡ್ಲಿಕ್ಕಾಗವಲ್ತು. ರಾಘಣ್ಣ ಹೂವು ಕೊಡ್ಲಿಕ್ಕೆ ಬಂದಾನ, ಅವನ ಕೈಯಾಗ ಕೊಡ್ತೀನಿ.”

“ಶ್ರೀಕೃತಿ ಅಕ್ಕಾ,” ಎಂದ ರಾಘಣ್ಣ, “ಎಲ್ಲಾ ಮ್ಯಾಲ ಬಂದು ಬಾಯಿ ಬಿಡ್ಲಿಕ್ಹತ್ಯಾವ. ಗುಂಪಿನ್ಯಾಗ ಆಚಮನಕ್ಕ ಕೂತ್ಹಂಗ. ಒಂದೆರಡು ಅಡ್ಡಾಗಿ ತೇಲ್ತಾವ.”

ಬಾಗಿಲಲ್ಲಿ ವೀರೇಶ್ ಸರ್ ಬಂದು ನಿಂತಿದ್ದರು. ಕೊಠಡಿಗೆ ಬೇರೆಯವರನ್ನು ಕೂರಿಸಿ ಬಂದಿದ್ದರು. “ಹೈಪೋ ಹಾಕಿದ್ರ ನಿಮಿಷದಾಗ ಕ್ಲೋರಿನ್ ಹೋಗ್ತೈತ್ರಿ ಮೇಡಂ. ನಮ್ಮ ಲ್ಯಾಬಿನಾಗೈತಿ.” ಹೇಳಿದ ಮೇಲೆ ಅವರೇ ಗೋಡೆಗೆ ಒರಗಿದರು. ಲ್ಯಾಬು ಸಿರುಗುಪ್ಪದಲ್ಲಿ, ಮೀನು ಬಳ್ಳಾರಿಯಲ್ಲಿ. ಬೈಕಿನಲ್ಲಿ ಹೋದರೂ ಗಂಟೆಯ ದಾರಿ.

ಕ್ಲೋರಿನ್ ಇಲ್ಲದ ನೀರು ಆ ಮನೆಯಲ್ಲಿ ಎಲ್ಲಿದೆ? ಡ್ರಮ್ಮು ಹೋಯಿತು. ಕುಡಿಯುವ ಕೊಡಗಳಿಗೂ ಹೊಸ ನೀರು ತುಂಬಿದ್ದಾಳೆ. ಉತ್ತರ ಹಿತ್ತಲಲ್ಲೇ ಇತ್ತು, ಆದರೆ ಅದನ್ನು ಬಾಯಿಬಿಟ್ಟು ಕೇಳಲು ನನಗೆ ಒಂದು ಕ್ಷಣ ಹಿಡಿಯಿತು.

ಫೋನನ್ನು ಅತ್ತೆಗೆ ಕೊಡಲು ರಾಘಣ್ಣನಿಗೆ ಹೇಳಿದೆ. “ಅತ್ತಿ, ಬಾವಿ ನೀರು ಬೇಕು.”

ಅವಳು ಏನಾದರೂ ಕೇಳುವ ಮುಂಚೆಯೇ ಮುಂದುವರಿಸಿದೆ.

“ತೊಟ್ಟಿ ನೀರು ಮುಕ್ಕಾಲು ತೋಡಿ ತೆಗೀಬೇಕು. ಬಾವಿ ನೀರು ಹಾಕಬೇಕು. ಈಗs.”

“ನಾ ಮಡಿಯಾಗಿದ್ದೀನಲ್ಲ. ಸೇದೋದು ನಾನs. ತೋಡೋದು ರಾಘಣ್ಣ ತೋಡ್ತಾನ...”

“ಗುರುಬಾಯಿ, ನಂದೂ ಸ್ನಾನ ಆಗ್ಯದ,” ಎಂದು ದೂರದಿಂದ ರಾಘಣ್ಣನ ದನಿ ಕೇಳಿಸಿತು. “ಮೀನಿನ ನೀರು ಮುಟ್ಟಿ ಸಂಜೀ ಪೂಜಾ ಹ್ಯಾಂಗ ಮಾಡ್ಲಿ? ಅದೂ ನರಸಿಂಹನ ಪೂಜಾ.”

“ನೀ ನಾಕರ ಮಗ್ಗೀಗೂ ಹಿಂಗs ನೆವಾ ಹೇಳ್ತಿದ್ದಿ!”

“ಅತ್ತಿ,” ಎಂದೆ, “ಹೊತ್ತಿಲ್ಲ.”

ಅರವತ್ತು ವರ್ಷದಿಂದ ಕಾಯ್ದುಕೊಂಡದ್ದನ್ನು ಬಿಡು ಎಂದು ಫೋನಿನಲ್ಲಿ ಹೇಳುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಆಮೇಲೆ ಅವಳ ದನಿ, ಸಾಲೆಯ ದನಿ:

“ರಾಘಣ್ಣ, ನೀ ಮಡಿಯಾಗs ಇರು. ಬಾವಿಗೆ ಹೋಗು, ಸೇದು. ನಾ ತೋಡ್ತೀನಿ. ಇನ್ನೊಮ್ಮೆ ಸ್ನಾನ ಮಾಡಿದ್ರ ನನಗ ಮಡಿ ಬರ್ತದ. ಇವಕ್ಕ ಇನ್ನೊಮ್ಮೆ ಜೀವ ಬರ್ತದೇನು? ಹೋಗು, ನಿಂತು ನನ್ನ ಮಾರಿ ಏನ್ ನೋಡ್ತಿ?”

ಸ್ಪೀಕರ್ ಹಾಕಿ ಫೋನನ್ನು ಕಿಟಕಿಯಲ್ಲಿಟ್ಟಿದ್ದಳು. ನಾನು ಅಲ್ಲಿಂದಲೇ ಹೇಳುತ್ತ ಹೋದೆ. ತಾಮ್ರದ ಕೊಡದಲ್ಲಿ ನೀರು ನಿಲ್ಲಿಸಬೇಡಿ, ತಾಮ್ರವೂ ಮೀನಿಗೆ ವಿಷ. ಸೇದಿದ ಕೂಡಲೇ ಪ್ಲಾಸ್ಟಿಕ್ ಬಕೀಟಿಗೆ ಸುರಿಯಿರಿ. ಬಕೀಟಿನಿಂದ ತೊಟ್ಟಿಗೆ ಚೊಂಬಿನಲ್ಲಿ, ಎತ್ತರದಿಂದ, ಗಾಳಿ ಸೇರುವಂತೆ, ನಿಧಾನಕ್ಕೆ. ಬಾವಿಯ ನೀರು ತಣ್ಣಗೆ, ತೊಟ್ಟಿಯದು ಬಿಸಿ. ಒಮ್ಮೆಗೇ ಸುರಿದರೆ ಇನ್ನೊಂದು ಪೆಟ್ಟು.

ಸದ್ದಿನ ಮೇಲೆಯೇ ಎಲ್ಲ ತಿಳಿಯುತ್ತಿತ್ತು. ರಾಟೆಯ ಕಿರಿಚು. ರಾಘಣ್ಣನ ಏದುಸಿರು. “ಬಾಯೀ, ನೀರು ಪಾತಾಳದಾಗ ಅದ, ನನ್ನ ಸೊಂಟ ಹೋತು.” “ಪ್ರತಿ ವರ್ಷಾ ಪಾನಕ ಕುಡೀತಿಯಲ್ಲ, ಆ ಶಕ್ತಿ ಎಲ್ಲಿ ಹೋತು? ಸೇದು.” ತೊಟ್ಟಿಗೆ ಬೀಳುವ ನೀರಿನ ಧಾರೆ. ನಡುನಡುವೆ ಅತ್ತೆ ಯಾರಿಗೋ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು: “ಉಸಿರು ತಗೋ. ಆತು, ಆತು.” ಅದು ರಾಘಣ್ಣನಿಗಲ್ಲ.

ಸಂಜೆ ನಾನು ಮನೆ ಮುಟ್ಟಿದಾಗ ಪೂಜೆ ಮುಗಿದಿತ್ತು. ಅತ್ತೆ ಒದ್ದೆ ಕೂದಲಲ್ಲಿ ಪಡಸಾಲೆಯ ಮಣೆಯ ಮೇಲೆ ಕೂತಿದ್ದಳು, ತೊಟ್ಟಿಯ ಕಡೆ ಮುಖ ಮಾಡಿ. ಒಂದು ಬಾಳೆ ಎಲೆಯ ತುಂಡಿನ ಮೇಲೆ ಸತ್ತ ಎಂಟು ಮೀನು ಸಾಲಾಗಿ ಮಲಗಿದ್ದವು.

“ಹನ್ನೊಂದು ಅವ,” ಎಂದಳು. “ಲೋಟದಾಗ ಹಿಡೀತಾವ, ಆ ದೊಡ್ಡಬಸಪ್ಪ ಅಂದ್ಹಂಗ. ಆ ಹೆಣ್ಣಮಗಳಿಗೆ ನಾನs ಹೇಳ್ತೀನಿ. ಬಡಕೊಂಡು ಹೇಳಿದ್ದಿ ನೀನು, ನನ್ನ ಕಿವೀಗೆ ಬೀಳಲಿಲ್ಲ.”

ನಾನು ಚೆನ್ನಾಗಿ ಹೇಳಿರಲಿಲ್ಲ ಎಂದೇ ನನಗೆ ಅನಿಸಿತ್ತು. ಔಷಧ, ವಿಷ ಎಂದಿದ್ದೆನೇ ಹೊರತು, ಬಕೀಟಿನ ನೀರನ್ನು ಅವಳ ಮೂಗಿಗೆ ಹಿಡಿದು ವಾಸನೆ ತೋರಿಸಿರಲಿಲ್ಲ. ಆ ಮಾತು ಅಲ್ಲಿಗೇ ಬಿಟ್ಟೆವು. ಎಲೆಯನ್ನು ಮಡಚಿ ದಾಸವಾಳದ ಬುಡದಲ್ಲಿ ಹೂಳಿದೆವು. ಪಾನಕ ಇನ್ನೂ ತಣ್ಣಗಿತ್ತು.

ಮಾರನೆಯ ದಿನ ಏನೂ ಆಗಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಅತ್ತೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದಳು. “ಏಳು, ಏಳು. ಮೀನಿಗೆ ಗಾಯ ಆಗ್ಯಾವ. ಮೈಯೆಲ್ಲಾ ಕೆಂಪು.”

ಎದ್ದು ಹೋಗಿ ನೋಡಿದೆ. ಪೂರ್ವದ ಕಿಟಕಿಯಿಂದ ಬಿಸಿಲಿನ ಪಟ್ಟಿಯೊಂದು ತೊಟ್ಟಿಗೆ ಬಿದ್ದಿತ್ತು. ನಾಲ್ಕು ಮೀನುಗಳ ಪಕ್ಕೆ ಕುಂಕುಮ ಬಳಿದಂತೆ ಕೆಂಪಾಗಿತ್ತು, ರೆಕ್ಕೆಗಳಲ್ಲಿ ಕಪ್ಪು ಚುಕ್ಕಿಗಳು ಎದ್ದಿದ್ದವು. ಅವು ಉಳಿದವನ್ನು ಗಿಡಗಳ ನಡುವೆ ಅಟ್ಟಿಸಿಕೊಂಡು ಹೋಗುತ್ತಿದ್ದವು, ಪಕ್ಕಕ್ಕೆ ಪಕ್ಕ ಒತ್ತಿ ನಡುಗುತ್ತಿದ್ದವು.

“ಅತ್ತಿ, ಇದು ಗಾಯ ಅಲ್ಲ. ಮದುವಿ.”

ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಸಾಲು ಅದು: ಬಯಲಿನ ಸಣ್ಣ ಮೀನುಗಳು ಮೊದಲ ಮಳೆಯ ತಣ್ಣೀರು ಬಂದಾಗ ಮೊಟ್ಟೆಯಿಡುತ್ತವೆ. ನಾನು ಮೇ ತಿಂಗಳುದ್ದಕ್ಕೂ ಆ ಒಂದೇ ನೀರನ್ನು ಜೋಪಾನ ಮಾಡುತ್ತ, ಸ್ವಲ್ಪ ಸ್ವಲ್ಪವೇ ಬದಲಿಸುತ್ತ, ಅವಕ್ಕೆ ಬೇಸಿಗೆ ಮುಗಿಯದಂತೆ ನೋಡಿಕೊಂಡಿದ್ದೆ. ಅತ್ತೆಯೂ ರಾಘಣ್ಣನೂ ಸೇರಿ ಮುಕ್ಕಾಲು ತೊಟ್ಟಿ ತಣ್ಣನೆಯ ಬಾವಿನೀರನ್ನು ಎತ್ತರದಿಂದ ಸುರಿದಾಗ ಅವು ಮಳೆ ಬಂತೆಂದುಕೊಂಡವು. ಹಾಗೆಂದು ಖಚಿತವಾಗಿ ಹೇಳಲು ನನ್ನ ಬಳಿ ಇನ್ನೊಂದು ತೊಟ್ಟಿ, ಇನ್ನೊಂದು ಪ್ರಯೋಗ ಇಲ್ಲ. ಆದರೆ ಬೇರೆ ಕಾರಣವೂ ನನಗೆ ಕಾಣುವುದಿಲ್ಲ.

ಈ ಮೀನುಗಳು ತಮ್ಮ ಮೊಟ್ಟೆಯನ್ನು ತಾವೇ ತಿನ್ನುತ್ತವೆ. ಮಧ್ಯಾಹ್ನದೊಳಗೆ ಮೊಟ್ಟೆ ಅಂಟಿದ ಗಿಡಗಳನ್ನೆಲ್ಲ ಎತ್ತಿ ಬೇರೆ ಕಡೆ ಇಡಬೇಕಿತ್ತು. ಅತ್ತೆ ಅಟ್ಟದಿಂದ ಒಂದು ದೊಡ್ಡ ಮಣ್ಣಿನ ಹರವಿ ಇಳಿಸಿ ಕೊಟ್ಟಳು; ಅದಕ್ಕೆ ತುಂಬಿದ್ದೂ ಬಾವಿಯ ನೀರೇ. ಮಣ್ಣಿನ ಗೋಡೆ ಬೆವರಿ ನೀರು ತಂಪಾಗಿತ್ತು. ಮೊಟ್ಟೆಗಳು ಸಾಸಿವೆಗಿಂತ ಸಣ್ಣವು, ಗಾಜಿನಂತೆ ತಿಳಿ. ಅತ್ತೆ ಕನ್ನಡಕ ಒರೆಸಿ ಒರೆಸಿ ಎಣಿಸಲು ನೋಡಿದಳು. ಗಣಿತದ ಟೀಚರು ಸೋತದ್ದು ಅದೊಂದೇ ಲೆಕ್ಕಕ್ಕೆ.

ಮರಿಗಳು ಹೊರಬಂದು ಈಜತೊಡಗಿದಾಗ ಹೊಸ ಪ್ರಶ್ನೆ ಬಂತು. ರೆಪ್ಪೆಯ ಕೂದಲಿನ ತುಂಡಿನಂಥ ಮರಿಗಳು, ಪುಟಾಣಿ ಹಿಟ್ಟು ಕೂಡ ಬಾಯಿಗೆ ಹಿಡಿಯದು. ಅವಕ್ಕೆ ಬೇಕಾದದ್ದು ಕಣ್ಣಿಗೆ ಕಾಣದ ಜೀವಿಗಳು. ಅವು ಇರುವುದು ಹಸಿರುಗಟ್ಟಿದ, ಹಳೆಯ, ನಿಂತ ನೀರಿನಲ್ಲಿ.

ಅತ್ತೆ ಇದನ್ನು ಕೇಳಿ ಅಂಗಳದ ಡ್ರಮ್ಮಿನ ಕಡೆ ನೋಡಿದಳು. “ಅಂದ್ರ ಹುಟ್ಟಿದ ಕೂಸಿಗೆ ತಂಗಳ ನೀರs ಬೇಕು.”

“ಹೌದು.”

“ಎಷ್ಟು ದಿನದ್ದು?”

“ಎಷ್ಟು ಹಳೇದಾದ್ರ ಅಷ್ಟು ಛಲೋ.”

“ನನ್ನ ಹಟಾನ ಮುರೀಬೇಕಂತ ಹುಟ್ಯಾವ,” ಎಂದು ಎದ್ದು ಹೋದಳು. ಸಂಜೆ ನಾನು ಕಾಲೇಜಿನಿಂದ ಬಂದಾಗ ನೀಲಿ ಡ್ರಮ್ಮಿನಲ್ಲಿ ನೀರು ತುಂಬಿ, ಒಳಗೆ ನಾಲ್ಕು ಕೋಸಿನ ಎಲೆ ತೇಲಿಬಿಟ್ಟಿದ್ದಳು. ಸೊಳ್ಳೆ ಬಾರದಂತೆ ಬಾಯಿಗೆ ಹಳೆಯ ಪಂಚೆ ಬಿಗಿದಿದ್ದಳು. ಡ್ರಮ್ಮಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ದುಂಡಗೆ ಬರೆದಿತ್ತು: ‘ನಿಂತ ನೀರು. ಚೆಲ್ಲಬಾರದು.’ ಮುಂದಿನ ಸಲ ನಳ ಬಂದಾಗ ಕೆಲಸದ ಪಾರಮ್ಮ ಬಕೀಟು ಹಿಡಿದು ಡ್ರಮ್ಮಿನ ಹತ್ತಿರ ಹೋದದ್ದೇ ತಡ, “ಅದನ್ನ ಮುಟ್ಟಿದ್ರ ನೋಡು!” ಎಂದು ಅತ್ತೆ ಕೂಗಿದ್ದು ಇಡೀ ಬೀದಿಗೆ ಕೇಳಿಸಿತು.

ಎಲ್ಲ ಮರಿಯೂ ಉಳಿಯಲಿಲ್ಲ. ಉಳಿದವು ಜೂನ್ ಕೊನೆಗೆ ಅಕ್ಕಿಕಾಳಿನಷ್ಟಾದವು, ಜುಲೈ ಕೊನೆಗೆ ಹುಣಸೆಬೀಜದಷ್ಟು. ಎರಡು ಚುಕ್ಕಿ ಮೂಡಿದವು. ಅಷ್ಟರಲ್ಲಿ ದೊಡ್ಡವು ಇನ್ನೊಮ್ಮೆ ಮೊಟ್ಟೆಯಿಟ್ಟಿದ್ದವು. ರಾಘಣ್ಣ ದಿನಾ ಮಠಕ್ಕೆ ಹೋಗುವಾಗ ಕಿಟಕಿಯಲ್ಲಿ ಇಣುಕಿ, “ನನ್ನ ಸೊಂಟದ ಮಕ್ಕಳು ಹ್ಯಾಂಗವ?” ಎಂದು ಕೇಳುತ್ತಿದ್ದ.

ಆಗಸ್ಟಿನಲ್ಲಿ ಮೂರು ದಿನ ಬಿಡದೆ ಮಳೆ ಹಿಡಿಯಿತು. ನಾಲ್ಕನೆಯ ದಿನ ವೀರೇಶ್ ಸರ್ ಫೋನ್ ಮಾಡಿದರು. “ಬೆಟ್ಟದ ನೀರು ಇಳದೈತ್ರಿ ಮೇಡಂ. ಹೊಂಡ ಆರು ಮೆಟ್ಟಿಲು ಮುಳುಗೈತಿ. ದೊಡ್ಡಬಸಪ್ಪ ಗಾಡಿ ಹೇಳ್ಯಾನಂತ, ಮರಿ ತರಾಕ.”

ಮರುದಿನ ಬೆಳಗಿನ ಜಾವ ಆಟೋದಲ್ಲಿ ಹೊರಟೆವು: ನಾನು, ಅತ್ತೆ, ಮುಚ್ಚಳದಲ್ಲಿ ತೂತು ಮಾಡಿದ ನಾಲ್ಕು ಬಕೀಟು. ಅತ್ತೆ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಅಪ್ಪಿಕೊಂಡಿದ್ದಳು. ಪ್ರತಿ ಗುಂಡಿಗೂ ಆಟೋದವನಿಗೆ ಬೈಗುಳ.

ಹೊಂಡದ ಸುತ್ತ ಕಲ್ಲುಗಳು ಹೊಸದಾಗಿ ಕೂತಿದ್ದವು. ನೀರು ಇನ್ನೂ ಕೆಂಪಗೆ, ಮಣ್ಣುಮಣ್ಣು. ಚನ್ನವೀರಮ್ಮ ಮೇಲಿನ ಮೆಟ್ಟಿಲಲ್ಲಿ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಕಾದಿದ್ದರು. ಪಕ್ಕದಲ್ಲಿ ದೊಡ್ಡಬಸಪ್ಪ, ಬಿಳಿ ಅಂಗಿ, ಕೈಯಲ್ಲಿ ಚಹಾದ ಕಪ್ಪು.

“ಬರ್ರಿ ಮೇಡಂ. ಏನು, ಲೋಟದಾಗ ತಂದೀರೋ ಚಂಬಿನಾಗ ತಂದೀರೋ?”

ಅತ್ತೆ ಮುಚ್ಚಳ ತೆಗೆದು ಬಕೀಟನ್ನು ಅವನ ಕಾಲ ಬಳಿ ಇಟ್ಟಳು. ಅವನು ಬಗ್ಗಿ ನೋಡಿದ. ಚಹಾದ ಕಪ್ಪನ್ನು ಮೆಟ್ಟಿಲ ಮೇಲಿಟ್ಟು ಇನ್ನಷ್ಟು ಬಗ್ಗಿದ. ಬಕೀಟಿನ ತಳ ಕಾಣುತ್ತಿರಲಿಲ್ಲ, ಬರೀ ಚುಕ್ಕಿಗಳು.

“ಎಲ್ಲಾದರಾಗೂ ಹಿಂಗs ಅದಾವೇನ್ರಿ?”

“ನಾಕೂ ತಗದು ನೋಡ್ರಿ. ಎಣಿಸ್ಲಿಕ್ಕೆ ಬಂದ್ರ ಎಣಿಸ್ರಿ,” ಎಂದಳು ಅತ್ತೆ. “ನನಗ ಬರಲಿಲ್ಲ.”

ಬಕೀಟುಗಳನ್ನು ಮೊದಲು ಹೊಂಡದ ನೀರಿನಲ್ಲಿ ಅದ್ದಿ ನಿಲ್ಲಿಸಿ, ಹೊಂಡದ ನೀರನ್ನು ಚೂರು ಚೂರೇ ಬೆರೆಸಿದೆ. ಅತ್ತೆ ಮೆಟ್ಟಿಲ ಮೇಲೆ ಕೂತು, “ನಿಧಾನ, ನಿಧಾನ” ಎನ್ನುತ್ತಿದ್ದಳು. ಆಮೇಲೆ ಒಂದೊಂದಾಗಿ ಓರೆ ಮಾಡಿದೆವು. ಮೀನುಗಳು ಅಂಚಿನಲ್ಲಿ ಒಂದು ಗಳಿಗೆ ತಡೆದು, ಕೆಂಪು ನೀರಿನೊಳಗೆ ಇಳಿದುಹೋದವು. ಹೊಂಡ ಮೊದಲಿನಂತೆಯೇ ಖಾಲಿ ಕಂಡಿತು.

ಚನ್ನವೀರಮ್ಮ ಸೆರಗು ಬಿಚ್ಚಿ ಒಂದು ಹಿಡಿ ಮಂಡಾಳು ಬೀರಿದರು. ಕಾಳುಗಳು ತೇಲಿದವು. ಏನೂ ಬರಲಿಲ್ಲ.

“ಈ ನೀರಾಗ ಬದುಕಿದ್ರ ಕಂಡಾವು,” ಎಂದ ದೊಡ್ಡಬಸಪ್ಪ, ಆದರೆ ಮನೆಗೆ ಹೋಗಲಿಲ್ಲ. ಫೋನು ತೆಗೆದು ಸ್ವಲ್ಪ ದೂರ ಹೋಗಿ ಯಾರಿಗೋ ಹೇಳಿದ: “ಇವತ್ತು ಗಾಡಿ ಬ್ಯಾಡ. ಈ ವರ್ಷ ನೋಡಾಣು. ಹೂಂ, ಅಡ್ವಾನ್ಸ್ ಇರ್ಲಿ ಬಿಡು.”

ನಾವು ಕಾದೆವು. ಬಿಸಿಲು ಬೆಟ್ಟದ ಬಂಡೆಗಳನ್ನು ದಾಟಿ ಆ ದಡದ ಮೆಟ್ಟಿಲಿಗೆ ಬಂತು, ಅಲ್ಲಿಂದ ನೀರಿಗೆ ಇಳಿದು, ನಮ್ಮ ಕಡೆಗೆ ಸರಿಯತೊಡಗಿತು. ಮಂಡಾಳು ತೇಲುತ್ತಿದ್ದ ಜಾಗ ಮುಟ್ಟಿದಾಗ ಒಂದು ಕಾಳು ಅಲುಗಿತು. ಇನ್ನೊಂದು. ನೀರಿನ ಮೈ ಸಣ್ಣಗೆ ಚುಚ್ಚಿದಂತಾಗಿ, ಅಲ್ಲೊಂದು ಇಲ್ಲೊಂದು ಬೆಳ್ಳಿಯ ಮಗ್ಗುಲು ಹೊರಳಿ ಹೊಳೆಯಿತು.

ಚನ್ನವೀರಮ್ಮ ಇನ್ನೊಂದು ಹಿಡಿ ತೆಗೆದು, ಅದನ್ನು ಅತ್ತೆಯ ಕೈಗೆ ಸುರಿದರು.

ಅತ್ತೆ ಬೀರಿದಳು. ಕೈ ಝಾಡಿಸಿಕೊಂಡು, ಬಹಳ ಮುಖ್ಯವಾದದ್ದನ್ನು ಮರೆತಿದ್ದವಳಂತೆ ತಿರುಗಿ ಹೇಳಿದಳು: “ಒಂದ್ ಮಾತು ಚನ್ನವೀರಮ್ಮ. ಏಕಾದಶಿ ದಿನ ಇವಕ್ಕ ಏನೂ ಹಾಕಬ್ಯಾಡ್ರಿ. ಉಪಾಸ ರೂಢಿ ಅದ.”

“ಅಯ್ಯ, ನಮ್ಮಲ್ಲಿ ಸೋಮಾರ ಒಪ್ಪತ್ತು ಅಲ್ರಿ ಅಮ್ಮಾವ್ರ?”

“ಹಂಗಾರ ಎರಡೂ ಮಾಡ್ಸ್ರಿ.”

“ಎರಡೂ!” ಎಂದರು ಚನ್ನವೀರಮ್ಮ, ಸೆರಗಿನಲ್ಲಿ ಉಳಿದ ಮಂಡಾಳನ್ನು ಅಷ್ಟೂ ನೀರಿಗೆ ಸುರಿಯುತ್ತ. “ಹಂಗಾರ ಇವತ್ತು ಹೊಟ್ಟಿ ತುಂಬ ತಿಂದ್ಕಳ್ರಪ್ಪ. ನಾಳಿಂದ ನಿಮ್ಮ ಗತಿ ಆ ದೇವರs ನೋಡ್ಬೇಕು.”